ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರ ತರಬೇತಿ: 40 ನಿಮಿಷ ಸಿಕ್ಕಿದೆ, ಏನು ಮಾತಾಡಲಿ?

ಶಿನ್ಶು_ಸುಮ

ಎಲ್ಲರಿಗೂ ನಮಸ್ಕಾರ. ಒಂದು ಸಹಾಯ ಬೇಕು.

ನಾನು ನಾಗಾನೋ ಪ್ರಾಂತದ ಒಂದು ಸಣ್ಣ ಪಟ್ಟಣದಲ್ಲಿ ಎಎಲ್‌ಟಿ, ಅಂದರೆ ಇಂಗ್ಲಿಷ್ ಸಹಾಯಕ ಶಿಕ್ಷಕಿ. ನಾಲ್ಕು ವರ್ಷ ಆಯಿತು. ಎರಡು ಪ್ರಾಥಮಿಕ ಶಾಲೆ, ಒಂದು ಜೂನಿಯರ್ ಹೈಸ್ಕೂಲು ನೋಡಿಕೊಳ್ಳುತ್ತೇನೆ. ಆಗಸ್ಟಿನಲ್ಲಿ ಇಲ್ಲಿ ಶಿಕ್ಷಕರಿಗೆ ಒಂದು ದಿನದ ತರಬೇತಿ ಇದೆ. ಅದರಲ್ಲಿ 40 ನಿಮಿಷ ಮಾತಾಡಿ ಎಂದು ನನ್ನನ್ನು ಕೇಳಿದ್ದಾರೆ. ಸುಮಾರು 30 ಜನ ಬರುತ್ತಾರೆ. ಅರ್ಧ ಜನ ನನ್ನ ಹಾಗೆ ಹೊರದೇಶದವರು, ಇನ್ನರ್ಧ ಪ್ರಾಥಮಿಕ ಶಾಲೆಯ ಕ್ಲಾಸ್ ಟೀಚರುಗಳು.

ಈ ಕ್ಲಾಸ್ ಟೀಚರುಗಳ ಕಷ್ಟ ಹೇಳಲೇಬೇಕು. 2020ರಿಂದ ಜಪಾನಿನಲ್ಲಿ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಪೂರ್ತಿ ಪಠ್ಯ ವಿಷಯವಾಗಿದೆ. ವರ್ಷಕ್ಕೆ 70 ಪೀರಿಯಡ್. 3 ಮತ್ತು 4ನೇ ತರಗತಿಗೆ 35 ಪೀರಿಯಡ್ ಚಟುವಟಿಕೆಯ ಲೆಕ್ಕದಲ್ಲಿ. ಗಣಿತ, ಸಂಗೀತ, ಈಜು ಎಲ್ಲ ಕಲಿಸುವ ಅದೇ ಟೀಚರು ಹೆಚ್ಚಿನ ಕಡೆ ಇಂಗ್ಲಿಷನ್ನೂ ಕಲಿಸಬೇಕು. ಅವರಲ್ಲಿ ಬಹಳ ಜನ ಇಂಗ್ಲಿಷ್ ಟೀಚರಾಗಲು ಓದಿದವರಲ್ಲ.

ನಾನು ಇಲ್ಲಿಯವರೆಗೆ ಕೇಳಿದ ತರಬೇತಿಗಳ ಕಥೆ ಇದು. ಹೋದ ಡಿಸೆಂಬರಿನಲ್ಲಿ ಬಂದವರು ಒಂದು ಗಂಟೆ ಸ್ಲೈಡ್ ತೋರಿಸಿದರು. ಕಲಿಯುವ ಆಸಕ್ತಿ, ಅದರ ಹಂತಗಳು, ಬಾಣದ ಗುರುತುಗಳು. ಲೈಟ್ ಆರಿಸಿದ್ದರು. ನನ್ನ ಪಕ್ಕದಲ್ಲಿದ್ದ ಟೀಚರು ತೊಡೆಯ ಮೇಲೆ ಮಕ್ಕಳು ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರ, ಬರೆದ ಹಾಳೆ ಇಟ್ಟುಕೊಂಡು, ಸ್ಕ್ರೀನಿನ ಬೆಳಕಿನಲ್ಲೇ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ಅವರಿಗೆ ಬೇಕಾದದ್ದು ಆ ಒಂದು ಗಂಟೆಯಲ್ಲಿ ಏನೂ ಇರಲಿಲ್ಲ. ಅದಕ್ಕೂ ಹಿಂದಿನ ಸಲ ಬಂದವರು ಒಂದೇ ಸಮನೆ ಆಟ ಕಲಿಸಿದರು. ಖುಷಿಯಾಯಿತು, ನಿಜ. ಆದರೆ ಮುಂದಿನ ವಾರ ನನಗೆ ನೆನಪಿದ್ದದ್ದು ಎರಡೇ ಆಟ.

ನೀವು ಕೇಳಿದ ಯಾವ ಮಾತು ಮಾರನೇ ದಿನ ಕ್ಲಾಸಿನಲ್ಲಿ ಕೈ ಹಿಡಿಯಿತು? ದಯವಿಟ್ಟು ಅದನ್ನು ಹೇಳಿ.

ಕೊಬೆ_ರಘು

ಸುಮ ಅವರೇ, ಆಟಗಳನ್ನು ಅಷ್ಟು ಬೇಗ ಪಕ್ಕಕ್ಕೆ ಇಡಬೇಡಿ. ನಾನು ಇಲ್ಲಿಗೆ ಬಂದ ಮೊದಲ ತಿಂಗಳು ಉಳಿದದ್ದೇ ಒಂದು ತರಬೇತಿಯಲ್ಲಿ ಕಲಿತ ಮೂರು ಆಟಗಳಿಂದ. 35 ಮಕ್ಕಳು, 45 ನಿಮಿಷ, ಜಪಾನಿ ಭಾಷೆ ಒಂದಕ್ಷರ ಬರುವುದಿಲ್ಲ. ಆ ಹೊತ್ತಿನಲ್ಲಿ ಸಿದ್ಧಾಂತ ಯಾರಿಗೆ ಬೇಕು?

ಶಿನ್ಶು_ಸುಮ

ರಘು ಅವರೇ, ಒಪ್ಪಿದೆ. ಹೊಸಬರಿಗೆ ಆಟ ಬೇಕೇ ಬೇಕು. ಆದರೆ ಈ 30 ಜನರಲ್ಲಿ ಹೊಸಬರು ಐದಾರು ಮಂದಿ ಮಾತ್ರ.

ಹಳೇ_ಜೆಟ್

ನಾನು ಜೆಟ್ ಕಾರ್ಯಕ್ರಮದಲ್ಲಿ, ಅಂದರೆ ಹೊರದೇಶದವರನ್ನು ಇಲ್ಲಿನ ಶಾಲೆಗಳಿಗೆ ಕರೆಸುವ ಜಪಾನ್ ಸರ್ಕಾರದ ಯೋಜನೆಯಲ್ಲಿ ಬಂದವನು. 1987ರಲ್ಲಿ ಶುರುವಾದದ್ದು ಅದು. ಒಂದೊಂದು ವರ್ಷದ ಒಪ್ಪಂದ, ಹೆಚ್ಚೆಂದರೆ ಐದು ವರ್ಷ. ನಾನು ಐದೂ ಮುಗಿಸಿದೆ. ಪ್ರತಿ ಪ್ರಾಂತದಲ್ಲೂ ಜೆಟ್‌ನವರಿಗೆ ಸ್ಕಿಲ್ ಡೆವಲಪ್‌ಮೆಂಟ್ ಕಾನ್ಫರೆನ್ಸ್ ನಡೆಯುತ್ತದೆ. ಹಾಗಾಗಿ ಇಂಥ ಮಾತುಗಳನ್ನು ಸಾಕಷ್ಟು ಕೇಳಿದ್ದೇನೆ, ಎರಡು ಸಲ ನಾನೇ ಮಾತಾಡಿದ್ದೇನೆ.

ನೆನಪಿನಲ್ಲಿ ಉಳಿದದ್ದು ಒಂದೇ. ಮಾತಾಡಲು ಬಂದಾಕೆ ಜೂನಿಯರ್ ಹೈಸ್ಕೂಲಿನ ಎಎಲ್‌ಟಿ. ತನ್ನದೇ ಕ್ಲಾಸಿನ ನಾಲ್ಕು ನಿಮಿಷದ ವಿಡಿಯೊ ಹಾಕಿದಳು. ಒಪ್ಪಿಗೆ ಪಡೆದು ಕ್ಲಾಸಿನ ಹಿಂದಿನಿಂದ ತೆಗೆದದ್ದು, ಮಕ್ಕಳ ಮುಖ ಕಾಣುತ್ತಿರಲಿಲ್ಲ. ಪಾಠ ಪೂರ್ತಿ ಕೆಟ್ಟಿತ್ತು. ಅವಳು ಪ್ರಶ್ನೆ ಕೇಳುತ್ತಾಳೆ, ಯಾರೂ ಬಾಯಿ ಬಿಡುವುದಿಲ್ಲ. ಮೂರು ಸೆಕೆಂಡ್ ಕಾಯುತ್ತಾಳೆ, ಆಮೇಲೆ ತಾನೇ ಉತ್ತರ ಹೇಳುತ್ತಾಳೆ. ಮತ್ತೆ ಪ್ರಶ್ನೆ, ಮತ್ತೆ ಮೂರು ಸೆಕೆಂಡ್. ವಿಡಿಯೊ ನಿಲ್ಲಿಸಿ, ‘ಇಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಪಕ್ಕದವರ ಹತ್ತಿರ ಮಾತಾಡಿ’ ಎಂದಳು. ಇಡೀ ಹಾಲ್ ಗಲಗಲ ಅಂತು. ನಾನು ಮಾರನೇ ದಿನವೇ ಕ್ಲಾಸಿನಲ್ಲಿ ಮನಸ್ಸಿನಲ್ಲೇ ಹತ್ತು ಎಣಿಸಿ ಕಾದೆ. ಏಳಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಮೇಲೆ ಬಂತು.

ಹಾಗಾಗಿ ನನ್ನ ಸಲಹೆ: ನಿಮ್ಮ ಕ್ಲಾಸಿನ ಒಂದೇ ಒಂದು ಗಳಿಗೆ ತನ್ನಿ. ಅದೂ ಸರಿಹೋಗದ ಗಳಿಗೆ. ಒಂದು ಸಾಕು.

ಚಿಬಾ_ಪ್ರದೀಪ

ತರಬೇತಿ ಅಂದರೆ ನನಗೆ ಮೊದಲು ನೆನಪಾಗುವುದು ಸಂಬಳ. ನಾನು ಡಿಸ್ಪ್ಯಾಚ್ ಕಂಪನಿ, ಅಂದರೆ ಶಾಲೆಗಳಿಗೆ ಎಎಲ್‌ಟಿಗಳನ್ನು ಒದಗಿಸುವ ಕಂಪನಿ ಮೂಲಕ ಶಾಲೆಗೆ ಹೋಗುವವನು. ನಾನು ಮೊದಲು ಇದ್ದ ಕಂಪನಿಯಲ್ಲಿ ತರಬೇತಿ ದಿನಕ್ಕೆ ರೈಲಿನ ಟಿಕೆಟ್ ಕಾಸು ಮಾತ್ರ ಕೊಡುತ್ತಿದ್ದರು. ಬೇಸಿಗೆ ರಜೆಯ ತಿಂಗಳಲ್ಲಿ ಸಂಬಳವೂ ಕಡಿಮೆ. ಆ ದಿನ ಇಡೀ ಕೂತು ‘ವೃತ್ತಿ ಬೆಳವಣಿಗೆ’ಯ ಬಗ್ಗೆ ಕೇಳಬೇಕಿತ್ತು. ಮನಸ್ಸು ಎಲ್ಲಿ ನಿಲ್ಲುತ್ತದೆ ಹೇಳಿ.

ಇನ್ನೊಂದು ವಿಷಯ. ಆಗ ನಮ್ಮ ಶಾಲೆಯ ಟೀಚರು ನನಗೆ ನೇರವಾಗಿ ‘ಇವತ್ತು ಹೀಗೆ ಮಾಡಿ’ ಎಂದು ಹೇಳುವಂತೆಯೇ ಇರಲಿಲ್ಲ. ಎಲ್ಲ ಕಂಪನಿ ಮೂಲಕವೇ ಬರಬೇಕು. ಒಂದೇ ಕ್ಲಾಸಿನಲ್ಲಿ ಪಕ್ಕಪಕ್ಕ ನಿಂತು ಪಾಠ ಮಾಡುತ್ತೇವೆ, ಮೊದಲೇ ಕೂತು ಮಾತಾಡುವ ಹಾಗಿಲ್ಲ. ಇಬ್ಬರೂ ಸೇರಿ ಪಾಠ ಮಾಡುವುದು ಹೇಗೆ ಎಂದು ತರಬೇತಿ ಕೊಟ್ಟರೆ ಏನು ಪ್ರಯೋಜನ?

ತೊಯಾಮಾ_ಗೀತಾ

ಪ್ರದೀಪ, ಒಂದು ಸಣ್ಣ ತಿದ್ದುಪಡಿ. ಡಿಸ್ಪ್ಯಾಚ್‌ನವರಿಗೆಲ್ಲ ಹಾಗಿಲ್ಲ. ‘ಇತಾಕು’ ಅಂದರೆ ಗುತ್ತಿಗೆ ಕೆಲಸದ ಒಪ್ಪಂದವಾದರೆ ಶಾಲೆಯವರು ನೇರವಾಗಿ ಹೇಳಿ ಮಾಡಿಸುವಂತಿಲ್ಲ. ‘ಹಾಕೆನ್’, ಅಂದರೆ ಕಂಪನಿ ತನ್ನ ಜನರನ್ನು ಶಾಲೆಯ ಕೈಕೆಳಗೆ ಕಳಿಸುವ ಒಪ್ಪಂದವಾದರೆ ಹೇಳಬಹುದು. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಒಪ್ಪಂದದ ಕಾಗದದಲ್ಲಿ ಯಾವುದು ಅಂತ ಬರೆದಿರುತ್ತದೆ, ಎಲ್ಲರೂ ಒಂದು ಸಲ ತೆಗೆದು ನೋಡಿ.

ಚಿಬಾ_ಪ್ರದೀಪ

ಹೌದು ಅಕ್ಕಾ, ನಂದು ಆಗ ಇತಾಕು. ಈಗ ಬೇರೆ ಕಂಪನಿ, ಹಾಕೆನ್. ಈಗ ಟೀಚರ ಜೊತೆ ಕೂತು ಪಾಠ ಬರೆಯುತ್ತೇನೆ. ವ್ಯತ್ಯಾಸ ತುಂಬಾ ಇದೆ.

ತೊಯಾಮಾ_ಗೀತಾ

ಈಗ ಸುಮ ಕೇಳಿದ್ದಕ್ಕೆ ಬರುತ್ತೇನೆ.

ನಾನು ಇಲ್ಲಿಗೆ ಮದುವೆಯಾಗಿ ಬಂದು 17 ವರ್ಷ. ಮೊದಲು ಎಎಲ್‌ಟಿ, ಈಗ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷಿಗೆ ಮಾತ್ರ ಇರುವ ಟೀಚರು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜಪಾನಿನ ಟೀಚರುಗಳಿಗೆ ಭಾಷಣದ ಮೂಲಕ ಕಲಿಯುವ ರೂಢಿ ಕಡಿಮೆ. ಅವರು ಕಲಿಯುವುದು ಒಬ್ಬರ ಪಾಠ ಇನ್ನೊಬ್ಬರು ಕೂತು ನೋಡಿ. ಇದಕ್ಕೆ ‘ಕೆಂಕ್ಯೂ ಜುಗ್ಯೋ’ ಅನ್ನುತ್ತಾರೆ. ಮೇಜಿ ಕಾಲದಿಂದ, ಅಂದರೆ 19ನೇ ಶತಮಾನದ ಕೊನೆಯಿಂದ ಬಂದ ಪದ್ಧತಿ.

ನೋಡದವರಿಗಾಗಿ ಹೇಳುತ್ತೇನೆ. ಪಾಠ ಮಾಡುವವರು ವಾರಗಟ್ಟಲೆ ಮೊದಲೇ ‘ಶಿದೋಆನ್’, ಅಂದರೆ ಪಾಠದ ಯೋಜನೆ ಬರೆಯುತ್ತಾರೆ. ಈ ನಿಮಿಷಕ್ಕೆ ಟೀಚರು ಏನು ಹೇಳುತ್ತಾರೆ, ಮಕ್ಕಳು ಏನು ಹೇಳಬಹುದು, ತಪ್ಪಿದರೆ ಏನು ಮಾಡಬೇಕು, ಎಲ್ಲ ಅದರಲ್ಲಿರುತ್ತದೆ. ಪಾಠದ ದಿನ ಕ್ಲಾಸಿನ ಹಿಂದೆ ಗೋಡೆಗೆ ಒತ್ತಿ 20-25 ಟೀಚರುಗಳು ನಿಂತಿರುತ್ತಾರೆ. ಬರೀ ಚಪ್ಪಲಿ ಸವರುವ ಸದ್ದು, ಪೆನ್ಸಿಲಿನ ಸದ್ದು. ಒಬ್ಬೊಬ್ಬರು ಒಂದೊಂದು ಮಗುವನ್ನೇ ನೋಡುತ್ತಾರೆ. ಸಂಜೆ ಕೂತು ಮಾತಾಡುತ್ತಾರೆ. ಚೆನ್ನಾಗಿದ್ದದ್ದು ಒಂದು ಬಣ್ಣದ ಚೀಟಿಯಲ್ಲಿ, ಪ್ರಶ್ನೆ ಇನ್ನೊಂದು ಬಣ್ಣದ್ದರಲ್ಲಿ.

ನನ್ನ ಮೊದಲ ಕೆಂಕ್ಯೂ ಜುಗ್ಯೋ ಮುಗಿದಾಗ ಎಲ್ಲರೂ ನನ್ನ ಉಚ್ಚಾರಣೆ, ನನ್ನ ಚಿತ್ರದ ಕಾರ್ಡು ಹೊಗಳಿದರು. ಕೊನೆಗೆ ವಿಜ್ಞಾನ ಪಾಠ ಮಾಡುವ ಒಬ್ಬ ಮೇಷ್ಟ್ರು ಎದ್ದು ಒಂದು ಮಾತು ಹೇಳಿದರು. ಕಿಟಕಿ ಪಕ್ಕ ಮೂರನೇ ಬೆಂಚಿನ ಹುಡುಗ ನಾಲ್ಕು ಸಲ ಅರ್ಧ ಕೈ ಎತ್ತಿ ಇಳಿಸಿದನಂತೆ. ನನಗೆ ಒಂದು ಸಲವೂ ಕಂಡಿರಲಿಲ್ಲ. ಆ ದಿನದಿಂದ ನಾನು ಪ್ರಶ್ನೆ ಕೇಳಿದ ಮೇಲೆ ಪೂರ್ತಿ ಎತ್ತಿದ ಕೈಗಳನ್ನು ಬಿಟ್ಟು, ಅರ್ಧ ಎತ್ತಿದ ಕೈ ಎಲ್ಲಿದೆ ಎಂದು ಹುಡುಕುತ್ತೇನೆ. ಯಾವ ಭಾಷಣವೂ ನನಗೆ ಇದನ್ನು ಕಲಿಸಿರಲಿಲ್ಲ.

ಆದ್ದರಿಂದ ಸುಮ, ಸಾಧ್ಯವಾದರೆ 40 ನಿಮಿಷದ ಭಾಷಣ ಬೇಡ, ಪಾಠ ಮಾಡಿ ತೋರಿಸುತ್ತೇನೆ ಎಂದು ಕೇಳಿ ನೋಡಿ.

ಶಿನ್ಶು_ಸುಮ

ಗೀತಕ್ಕಾ, ಆಗಸ್ಟಿನಲ್ಲಿ ಮಕ್ಕಳಿಗೆ ರಜೆ. ಕೇಳುವವರನ್ನೇ ಮಕ್ಕಳ ಜಾಗದಲ್ಲಿ ಕೂರಿಸಬಹುದಷ್ಟೆ.

ತೊಯಾಮಾ_ಗೀತಾ

ಕೂರಿಸಿ. ಯಾಕಾಗಬಾರದು?

ಹಳೇ_ಜೆಟ್

ಗೀತಾ ಮೇಡಂ ಹೇಳಿದ್ದರಲ್ಲಿ ಒಂದು ವಿಷಯಕ್ಕೆ ನನ್ನ ತಕರಾರಿದೆ. ಕೆಂಕ್ಯೂ ಜುಗ್ಯೋ ಒಳ್ಳೆಯದು, ಆದರೆ ನನ್ನ ಶಾಲೆಯಲ್ಲಿ ಅದು ಅತಿಥಿಗಳಿಗೆ ತೋರಿಸುವ ಪಾಠವಾಗಿತ್ತು. ಹಿಂದಿನ ದಿನ ಮಕ್ಕಳಿಗೆ ಅದೇ ಪಾಠ ಒಂದು ಸಲ ಮಾಡಿಸಿರುತ್ತಿದ್ದರು. ಎಲ್ಲ ಕೈಗಳೂ ಮೇಲೆ ಇರುತ್ತಿದ್ದವು. ಅದರಿಂದ ಯಾರೂ ಏನೂ ಕಲಿಯಲಿಲ್ಲ.

ತೊಯಾಮಾ_ಗೀತಾ

ಅಂಥ ಕಡೆಯೂ ಇವೆ, ಇಲ್ಲ ಅನ್ನುವುದಿಲ್ಲ. ಅದು ಮಾಡುವವರ ತಪ್ಪು. ಪದ್ಧತಿಯನ್ನು ಯಾಕೆ ಬೈಯಬೇಕು?

ನಿಶಿಕಸಾಯ್_ವೀಣಾ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಡಿಪೆಂಡೆಂಟ್ ವೀಸಾದಲ್ಲಿದ್ದೇನೆ, ವಾರಕ್ಕೆ 28 ಗಂಟೆ ಮಾತ್ರ ಕೆಲಸ ಮಾಡಬಹುದು. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಒಂದು ಸಣ್ಣ ಜಾಗದಲ್ಲಿ ಪಾಠ ಮಾಡುತ್ತೇನೆ. ನಮಗೆ ಯಾರೂ ತರಬೇತಿ ಕೊಡುವುದಿಲ್ಲ. ನಾವು ಎಲ್ಲಿಗೆ ಹೋಗಬಹುದು? ಮುಂದೆ ಶಾಲೆಗೇ ಸೇರಬೇಕೆಂದು ಆಸೆ. ಆದರೆ ಆ ಕೆಲಸದ ವೀಸಾಕ್ಕೆ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕಂತೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ.

ಕೊಬೆ_ರಘು

ವೀಣಾ ಅವರೇ, 12 ವರ್ಷದ ನಿಯಮ ನಿಜ. ಆದರೆ ಪಿಯುಸಿ ಮತ್ತು ಡಿಗ್ರಿ ಇಂಗ್ಲಿಷಿನಲ್ಲಿ ಓದಿದ್ದರೆ ಆ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೋ ಹೇಗೆ ಎಂದು ವೀಸಾ ಕಾಗದ ನೋಡುವ ವಕೀಲರ ಹತ್ತಿರ ಒಂದು ಸಲ ಕೇಳಿ.

ತರಬೇತಿಗೆ ಜಾಲ್ಟ್ ಇದೆ. ಭಾಷೆ ಕಲಿಸುವವರ ಸಂಘ, ಜಪಾನಿನ ಎಲ್ಲ ಭಾಗಗಳಲ್ಲಿ ಶಾಖೆಗಳಿವೆ. ಶಾಖೆಗಳಲ್ಲಿ ಆಗಾಗ ಸಭೆ ಇರುತ್ತದೆ, ಶರತ್ಕಾಲದಲ್ಲಿ ದೊಡ್ಡ ಸಮ್ಮೇಳನ. ನೀವು ಶಾಲೆಯಲ್ಲಿದ್ದೀರಾ, ಯಾವ ವೀಸಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅವರ ಪತ್ರಿಕೆಯಲ್ಲಿ ಟೀಚರುಗಳು ತಮ್ಮ ಒಂದೊಂದು ಪಾಠವನ್ನು ಬರೆದು ಹಂಚಿಕೊಳ್ಳುವ ಅಂಕಣವೂ ಇದೆ. ನನಗೆ ಅದು ಭಾಷಣಗಳಿಗಿಂತ ಜಾಸ್ತಿ ಉಪಯೋಗ ಆಯಿತು.

ನಿಶಿಕಸಾಯ್_ವೀಣಾ

ತುಂಬಾ ಥ್ಯಾಂಕ್ಸ್ ರಘು ಅವರೇ. ಈ ತಿಂಗಳೇ ಹೋಗುತ್ತೇನೆ.

ಹಾಸನದ_ಮೇಷ್ಟ್ರು

ನಾನು ಜಪಾನಿನಲ್ಲಿಲ್ಲ, ಹಾಸನದ ಹತ್ತಿರ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ತಂಗಿ ಸೈತಾಮಾದಲ್ಲಿದ್ದಾಳೆ, ಅವಳು ಈ ಚರ್ಚೆ ಕಳಿಸಿದಳು. ಓದಿ ನಮ್ಮ ಕ್ಲಸ್ಟರ್ ಸಮಾಲೋಚನಾ ಸಭೆಯೇ ಕಣ್ಣ ಮುಂದೆ ಬಂತು. ಅಲ್ಲೂ ತೊಡೆಯ ಮೇಲೆ ಉತ್ತರ ಪತ್ರಿಕೆ ಇಟ್ಟುಕೊಂಡು ತಿದ್ದುವವರು ಇದ್ದೇ ಇರುತ್ತಾರೆ.

ನನಗೆ ಕೈ ಹಿಡಿದದ್ದು ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಕೋರ್ಸ್. 1963ರಿಂದ ಇರುವ ಸಂಸ್ಥೆ. ಅಲ್ಲಿ ನಮ್ಮಿಂದ ನಮ್ಮ ಜೊತೆಯವರಿಗೇ ಪಾಠ ಮಾಡಿಸಿದರು. ನಾನು ಪಾಠ ಮಾಡುವಾಗ ನನ್ನ ಗೆಳೆಯ ಎಂಟನೇ ಕ್ಲಾಸಿನ ಹುಡುಗನ ಹಾಗೆಯೇ ತಪ್ಪು ಮಾಡಿದ. ಆಗ ಗೊತ್ತಾಯಿತು, ತಪ್ಪು ಎಲ್ಲಿಂದ ಬರುತ್ತದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಒಂದು ಕುತೂಹಲ. ಜಪಾನಿನ ಮಕ್ಕಳೂ ಇಂಗ್ಲಿಷ್ ಪದದ ಕೊನೆಗೆ ಸ್ವರ ಸೇರಿಸುತ್ತಾರೆ ಎಂದು ತಂಗಿ ಹೇಳುತ್ತಿದ್ದಳು. ನಮ್ಮ ಮಕ್ಕಳ ಬಸ್ಸು, ಕಾರು, ಬೆಂಚು ಇದ್ದ ಹಾಗೆಯಾ?

ಶಿನ್ಶು_ಸುಮ

ಮೇಷ್ಟ್ರೇ, ಹಾಗೆಯೇ! ಬೆಡ್ ಅನ್ನುವುದಕ್ಕೆ ನಾವು ಬೆಡ್ಡು, ಅವರು ಬೆದ್ದೊ. ಕಪ್ ಅನ್ನುವುದಕ್ಕೆ ನಾವೂ ಕಪ್ಪು, ಅವರೂ ಕಪ್ಪು. ಒಂದು ಚೂರೂ ವ್ಯತ್ಯಾಸ ಇಲ್ಲ. ನಾನು ಮೊದಲ ಸಲ ಕೇಳಿದಾಗ ನಮ್ಮ ಅಜ್ಜಿಯೇ ಕಾಫಿ ಕೇಳಿದ ಹಾಗಾಯಿತು.

ಅಷ್ಟೇ ಅಲ್ಲ. ವಾಕ್ಯದ ಜೋಡಣೆಯೂ ನಮ್ಮದೇ. ಕ್ರಿಯಾಪದ ಕೊನೆಗೆ. ‘ಬರುತ್ತೇನೆ ಅಂತ ಹೇಳಿದ’ ಎನ್ನುವಾಗ ನಮ್ಮ ‘ಅಂತ’ ಎಲ್ಲಿ ಕೂರುತ್ತದೋ ಅಲ್ಲೇ ಅವರ ‘ತೊ’ ಕೂರುತ್ತದೆ. ‘ತಿಂದು ನೋಡು’ ಅನ್ನುವುದಕ್ಕೆ ಅವರು ‘ತಬೆತೆ ಮಿರು’ ಅನ್ನುತ್ತಾರೆ. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು.

‘ನಿನಗೆ ನಾಟ್ಟೊ (ಹುದುಗಿಸಿದ ಸೋಯಾ ಕಾಳು) ಇಷ್ಟ ಇಲ್ವಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಮಕ್ಕಳು ‘ಯೆಸ್’ ಅನ್ನುತ್ತಾರೆ. ಹೌದು, ಇಷ್ಟ ಇಲ್ಲ ಎಂಬ ಅರ್ಥದಲ್ಲಿ. ನನ್ನ ಜೊತೆಗಿರುವ ಬೇರೆ ದೇಶದ ಎಎಲ್‌ಟಿಗಳಿಗೆ ಇದು ಗೊಂದಲ. ನನಗೆ ಒಂದು ದಿನವೂ ಗೊಂದಲ ಆಗಲಿಲ್ಲ.

ಹಳೇ_ಜೆಟ್

ಸುಮ, ನಿಮ್ಮ 40 ನಿಮಿಷ ಇದೇ. ಬೇರೆ ಹುಡುಕಬೇಡಿ.

ಕೊಬೆ_ರಘು

ನಾನು ಒಪ್ಪುವುದಿಲ್ಲ. ಇದು ನಮಗೆ ಕೇಳಲು ಚಂದ. ನಾಳೆ 5ನೇ ಕ್ಲಾಸಿಗೆ ಪಾಠ ಮಾಡಬೇಕಾದ ಟೀಚರಿಗೆ ಕನ್ನಡದ ವ್ಯಾಕರಣ ಕಟ್ಟಿಕೊಂಡು ಏನಾಗಬೇಕು? ಇನ್ನೂ ಒಂದು ಭಯ ಇದೆ ನನಗೆ. ನಮ್ಮನ್ನು ಕರೆದಾಗಲೆಲ್ಲ ಸೀರೆ ಉಟ್ಟು ಬನ್ನಿ, ನಮಸ್ತೆ ಹೇಳಿಕೊಡಿ, ಕರಿ ಬಗ್ಗೆ ಹೇಳಿ ಅನ್ನುತ್ತಾರೆ. ಪಾಠ ಮಾಡುವವರು ಎಂದು ಕರೆಯುವುದು ಅಪರೂಪ. ಈ ಸಲ ನಿಮ್ಮನ್ನು ಹಾಗೆ ಕರೆದಿದ್ದಾರೆ. ಅದನ್ನು ಇಂಡಿಯಾ ಪರಿಚಯ ಮಾಡಿ ಕಳೆದುಕೊಳ್ಳಬೇಡಿ.

ತೊಯಾಮಾ_ಗೀತಾ

ರಘು ಹೇಳುವ ಭಯ ನನಗೂ ಗೊತ್ತು, ನಾನೂ ಸೀರೆ ಉಟ್ಟು ಹೋಗಿದ್ದೇನೆ. ಆದರೆ ಇದು ಬೇರೆ. ನನ್ನ ಶಾಲೆಯಲ್ಲಿ ನಿವೃತ್ತಿಗೆ ಎರಡು ವರ್ಷ ಇದ್ದ ಒಬ್ಬರು ಟೀಚರು ಇದ್ದರು. ಒಂದು ಸಂಜೆ ಕ್ಲಾಸಿನ ಬಾಗಿಲು ಮುಚ್ಚಿ, ನನ್ನ ಹತ್ತಿರ ಬಂದು, ‘ನಾನು ಥ್ಯಾಂಕ್ ಯೂ ಹೇಳುವುದು ತಪ್ಪಾಗಿದೆಯಾ? ಮಕ್ಕಳ ಮುಂದೆ ನನಗೆ ನಾಚಿಕೆಯಾಗುತ್ತದೆ’ ಎಂದು ಕೇಳಿದರು. ‘ಸಾಂಕ್ಯೂ’ ಎನ್ನುತ್ತಿದ್ದರು ಅವರು. ನಾನು ಹೇಳಿದೆ, ನಾನೂ ಆರನೇ ಕ್ಲಾಸಿನವರೆಗೆ ‘ತ್ಯಾಂಕ್ಯೂ’ ಅನ್ನುತ್ತಿದ್ದೆ, ನನ್ನ ಮನೆ ಭಾಷೆ ಇಂಗ್ಲಿಷ್ ಅಲ್ಲ ಎಂದು. ಅವರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಅವತ್ತಿನಿಂದ ಅವರು ಕ್ಲಾಸಿನಲ್ಲಿ ನನಗಿಂತ ಮೊದಲು ಮಾತಾಡಲು ಶುರು ಮಾಡಿದರು.

ಇಂಗ್ಲಿಷನ್ನು ಕಲಿತು ಬಂದವರು ಎದುರಿಗೆ ನಿಂತರೆ ಆ ಟೀಚರುಗಳ ಹೆದರಿಕೆ ಅರ್ಧ ಇಳಿಯುತ್ತದೆ. ಇದು ಹುಟ್ಟಿನಿಂದ ಇಂಗ್ಲಿಷ್ ಆಡುವವರು ಕೊಡಲಾರದ ಸಹಾಯ.

ಕೊಬೆ_ರಘು

ಸರಿ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಟೀಚರು ಕೈಯಲ್ಲಿ ಹಿಡಿದುಕೊಂಡು ಹೋಗುವಂಥದ್ದು ಒಂದು ಇರಲೇಬೇಕು. ‘ಸೆಪ್ಟೆಂಬರಿನಲ್ಲಿ ಇದನ್ನು ಮಾಡಿ’ ಎಂಬಂಥದ್ದು.

ಚಿಬಾ_ಪ್ರದೀಪ

ಕಟಾಕಾನಾ, ಅಂದರೆ ಹೊರಭಾಷೆಯ ಪದ ಬರೆಯುವ ಜಪಾನಿ ಲಿಪಿಯ ವಿಷಯ ತೆಗೆದುಕೊಳ್ಳಿ ಮೇಡಂ. ಮಕ್ಕಳು ಇಂಗ್ಲಿಷ್ ಪದದ ಮೇಲೆ ಕಟಾಕಾನಾದಲ್ಲಿ ಉಚ್ಚಾರಣೆ ಬರೆದುಕೊಳ್ಳುತ್ತಾರೆ. ನಮ್ಮ ಶಾಲೆಯಲ್ಲಿ ಅದಕ್ಕೆ ದೊಡ್ಡ ಜಗಳ. ಬರೆಯಲೇಬಾರದು ಎಂದು ಒಬ್ಬರು, ಬರೆದುಕೊಳ್ಳಲಿ ಬಿಡಿ ಎಂದು ಇನ್ನೊಬ್ಬರು.

ಹಾಸನದ_ಮೇಷ್ಟ್ರು

ನಮ್ಮಲ್ಲೂ ಇದೇ ಜಗಳ. ಪದ್ಯದ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿರುತ್ತಾರೆ. ನಾನು ಮೊದಲೆಲ್ಲ ಅಳಿಸಿಬಿಡುತ್ತಿದ್ದೆ. ಒಬ್ಬ ಹುಡುಗಿ ಅಳಿಸಿದ ಮೇಲೆ ಓದುವುದನ್ನೇ ನಿಲ್ಲಿಸಿದಳು. ಈಗ ಬರೆದುಕೊಳ್ಳಲು ಬಿಡುತ್ತೇನೆ. ಎರಡು ವಾರ ಆದ ಮೇಲೆ ಅವರ ಕೈಯಲ್ಲೇ ಒಂದೊಂದೇ ಪದ ಅಳಿಸಿಸುತ್ತೇನೆ. ಯಾವುದನ್ನು ಮೊದಲು ಅಳಿಸಬೇಕು ಎಂದು ಅವರೇ ಆರಿಸುತ್ತಾರೆ.

ಮೈಸೂರು_ಮಲ್ಲಿಗೆ

ಈ ಅಳಿಸುವ ಐಡಿಯಾ ಚೆನ್ನಾಗಿದೆ ಸರ್. ನಾಳೆಯೇ ಮಾಡುತ್ತೇನೆ.

ಕೊಬೆ_ರಘು

ವಿಷಯ ಬೇರೆ, ಆದರೂ ಕೇಳಿಬಿಡುತ್ತೇನೆ. ಸಸ್ಯಾಹಾರಿಗಳು ಕ್ಯೂಶೊಕು, ಅದೇ ಶಾಲೆಯ ಮಧ್ಯಾಹ್ನದ ಊಟ, ಹೇಗೆ ನಿಭಾಯಿಸುತ್ತೀರಿ? ಸೋಯಾ ಹಿಟ್ಟಿನ ಮಿಸೊ ಸಾರಿನಲ್ಲೂ ದಾಶಿ, ಅಂದರೆ ಮೀನು ಬೇಯಿಸಿದ ರಸ ಇರುತ್ತದೆ. ನಾನು ಡಬ್ಬಿ ತೆಗೆದುಕೊಂಡು ಹೋಗುತ್ತೇನೆ, ಮಕ್ಕಳು ಪಾಪ ನನಗೆ ಊಟ ಸಿಕ್ಕಿಲ್ಲ ಎಂದು ದಿನಾ ಬೇಜಾರು ಮಾಡಿಕೊಳ್ಳುತ್ತಾರೆ.

ಚಿಬಾ_ಪ್ರದೀಪ

ನನ್ನದೂ ಡಬ್ಬಿಯೇ. ಚಿತ್ರಾನ್ನ ತೆಗೆದುಕೊಂಡು ಹೋದ ದಿನ ನನ್ನ ಸುತ್ತ ಹನ್ನೆರಡು ತಲೆ. ಅವತ್ತು ‘ವಾಟ್ಸ್ ದಿಸ್?’ ಎಂದು ಅವರಾಗಿಯೇ ಕೇಳಿದರು. ಅದಕ್ಕಿಂತ ಒಳ್ಳೆಯ ಪಾಠ ನಾನು ಇನ್ನೂ ಮಾಡಿಲ್ಲ.

ಶಿನ್ಶು_ಸುಮ

ಊಟದ ಮಾತಿನಿಂದಲೇ ನನಗೆ ದಾರಿ ಹೊಳೆಯಿತು! ಎಲ್ಲರೂ ಓದಿ, ಸರಿಯಿದೆಯಾ ಹೇಳಿ.

ಹೋದ ವರ್ಷ 5ನೇ ತರಗತಿಯಲ್ಲಿ ಹೋಟೆಲಿನ ಪಾಠ ನಡೆಯುತ್ತಿತ್ತು. ‘ವಾಟ್ ವುಡ್ ಯು ಲೈಕ್?’ ಪಾಠ. ಎಲ್ಲರೂ ಪಿಜ್ಜಾ, ಸ್ಪಗೆಟ್ಟಿ ಎಂದು ಕಾರ್ಡ್ ನೋಡಿ ಹೇಳುತ್ತಿದ್ದರು. ಒಬ್ಬ ಹುಡುಗಿ ಕಾರ್ಡ್ ಪಕ್ಕಕ್ಕಿಟ್ಟು, ಬೆರಳು ಮಡಚುತ್ತಾ, ‘ಗ್ರ್ಯಾಂಡ್‌ಮದರ್... ಮೇಕ್... ಒಯಾಕಿ...’ ಎಂದು ನಿಂತುಬಿಟ್ಟಳು. ಒಯಾಕಿ ನಮ್ಮ ನಾಗಾನೋದ ತಿಂಡಿ. ಒಳಗೆ ಪಲ್ಯ ತುಂಬಿದ ಹಿಟ್ಟಿನ ಉಂಡೆ, ನಮ್ಮ ಕಡುಬಿನ ಅಕ್ಕ ತಂಗಿ ಅನ್ನಬಹುದು. ಕ್ಲಾಸ್ ಟೀಚರು ಪ್ರೀತಿಯಿಂದಲೇ ‘ಐ’ಡ್ ಲೈಕ್ ಒಯಾಕಿ’ ಎಂದು ಸರಿ ಮಾಡಿದರು. ಹುಡುಗಿ ಅದನ್ನೇ ಹೇಳಿ ಕೂತಳು. ಅಜ್ಜಿ ಬಿಟ್ಟುಹೋದರು. ಅವಳ ಮುಖ ಚಿಕ್ಕದಾಯಿತು. ನಾನೂ ಸುಮ್ನೆ ನಿಂತಿದ್ದೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಅವಳು ಹೇಳಲು ಹೊರಟದ್ದು ‘ಅಜ್ಜಿ ಮಾಡಿದ ಒಯಾಕಿ ತಿಂದು ನೋಡಿ’. ಜಪಾನಿಯಲ್ಲಿ ‘ಒಬಾಅಚಾನ್ ಗ ತ್ಸುಕುತ್ತ ಒಯಾಕಿ, ತಬೆತೆ ಮಿತೆ’. ಕನ್ನಡದ ಸಾಲೇ. ಇಂಗ್ಲಿಷಿನಲ್ಲಿ ಇದು ಪೂರ್ತಿ ಬುಡಮೇಲು. ತಿಂದು ನೋಡಿ ಮೊದಲು, ಆಮೇಲೆ ಒಯಾಕಿ, ಆಮೇಲೆ ಅಜ್ಜಿ, ಕೊನೆಗೆ ಮಾಡಿದ್ದು. ‘ಟ್ರೈ ದಿ ಒಯಾಕಿ ಮೈ ಗ್ರ್ಯಾಂಡ್‌ಮಾ ಮೇಡ್.’ ಜೂನಿಯರ್ ಹೈಸ್ಕೂಲಿನ ಮೂರನೇ ವರ್ಷದಲ್ಲೂ ಮಕ್ಕಳು ಒದ್ದಾಡುವುದು ಇದರಲ್ಲೇ.

ಹಾಗಾಗಿ ನನ್ನ ಯೋಚನೆ ಹೀಗಿದೆ. ಮೊದಲು ಆ ಹುಡುಗಿಯ ಮಾತು ಬೋರ್ಡಿನ ಮೇಲೆ ಬರೆಯುತ್ತೇನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತೇನೆ. ಆಮೇಲೆ ಐದು ನಿಮಿಷ ಕನ್ನಡ ಪಾಠ. ನಾಲ್ಕು ಕಾರ್ಡು: ಅಜ್ಜಿ, ಮಾಡಿದ, ಒಯಾಕಿ, ತಿಂದು ನೋಡಿ. ಜಪಾನಿ ಟೀಚರುಗಳು ಜೋಡಿಸಿಬಿಡುತ್ತಾರೆ, ಯಾಕೆಂದರೆ ಸಾಲು ಅವರದೇ. ಹೊರದೇಶದ ಎಎಲ್‌ಟಿಗಳು ತಡವರಿಸುತ್ತಾರೆ. ಅದೇ ಕಾರ್ಡುಗಳ ಇಂಗ್ಲಿಷ್ ಸಾಲು ಕೊಟ್ಟಾಗ ಉಲ್ಟಾ ಆಗುತ್ತದೆ. ಇಬ್ಬರಿಗೂ ಇನ್ನೊಬ್ಬರ ಕಷ್ಟ ಕೈಗೆ ಸಿಗುತ್ತದೆ.

ಕೊನೆಗೆ ರಘು ಕೇಳಿದ ‘ಸೆಪ್ಟೆಂಬರಿನಲ್ಲಿ ಇದನ್ನು ಮಾಡಿ’. ಮಗು ಉದ್ದದ ಮಾತು ತಂದಾಗ ಕತ್ತರಿಸಿ ಬಿಸಾಡಬೇಡಿ, ಎರಡು ತುಂಡು ಮಾಡಿ ಅವರ ಕೈಗೇ ಕೊಡಿ. ‘ದಿಸ್ ಈಸ್ ಮೈ ಗ್ರ್ಯಾಂಡ್‌ಮಾಸ್ ಒಯಾಕಿ. ಪ್ಲೀಸ್ ಟ್ರೈ ಇಟ್.’ 5ನೇ ತರಗತಿಗೆ ಇಷ್ಟು ಸಾಕು, ಅಜ್ಜಿ ಉಳಿಯುತ್ತಾರೆ. ಎರಡನ್ನೂ ಒಂದು ಮಾಡುವ ಕೆಲಸ ಜೂನಿಯರ್ ಹೈಸ್ಕೂಲಿನದು.

ತೊಯಾಮಾ_ಗೀತಾ

ಸುಮ, ಇದು ಸರಿಯಾಗಿದೆ. ಇದಕ್ಕೆ ಏನೂ ಸೇರಿಸಬೇಡಿ.

ನಡೆಸುವ ಬಗ್ಗೆ ಮಾತ್ರ ಎರಡು ಮಾತು. ಕೊನೆಯಲ್ಲಿ ‘ಪ್ರಶ್ನೆ ಇದೆಯಾ?’ ಎಂದು ಕೇಳಬೇಡಿ, ಇಲ್ಲಿ ಎಲ್ಲರ ಮುಂದೆ ಯಾರೂ ಕೇಳುವುದಿಲ್ಲ. ಸುಮ್ಮನಿದ್ದಾರೆ ಅಂದರೆ ಬೇಜಾರಾಗಿದೆ ಎಂದೂ ಅಲ್ಲ. ಚೀಟಿ ಕೊಡಿ, ಬರೆದು ಕೊಡುತ್ತಾರೆ. ಮತ್ತೆ, ಒಬ್ಬ ಎಎಲ್‌ಟಿ, ಒಬ್ಬ ಕ್ಲಾಸ್ ಟೀಚರು ಹೀಗೆ ಜೋಡಿ ಜೋಡಿಯಾಗಿ ಕೂರಿಸಿ. ಅವರವರೇ ಒಂದು ಗುಂಪಾಗಿ ಕೂತರೆ ಈ ಪಾಠ ನಡೆಯುವುದಿಲ್ಲ.

ಇನ್ನೂ ಒಂದು ಗೊತ್ತಿರಲಿ. ಈ ಟೀಚರುಗಳು 2009ರಿಂದ 2022ರ ಜುಲೈವರೆಗೆ ಹತ್ತು ವರ್ಷಕ್ಕೊಮ್ಮೆ 30 ಗಂಟೆ ಕೋರ್ಸ್ ಮಾಡಿ ಲೈಸೆನ್ಸ್ ನವೀಕರಿಸಬೇಕಿತ್ತು. ಬಹಳ ಜನ ಅದನ್ನು ಬೇಸಿಗೆ ರಜೆಯಲ್ಲೇ ಮುಗಿಸುತ್ತಿದ್ದರು, ಅದೂ ಸ್ವಂತ ಖರ್ಚಿನಲ್ಲಿ. ಆ ನಿಯಮ ಈಗಿಲ್ಲ, ಆದರೆ ಆಗಸ್ಟ್ ತರಬೇತಿ ಅಂದರೆ ಅವರ ಮೈಗೆ ಆ ದಣಿವು ನೆನಪಾಗುತ್ತದೆ. 40 ನಿಮಿಷ ಅಂದರೆ 40ಕ್ಕೇ ಮುಗಿಸಿ.

ಕೊಬೆ_ರಘು

ಈಗ ಒಪ್ಪಿದೆ ಸುಮ ಅವರೇ. ಇದು ಇಂಡಿಯಾ ಪರಿಚಯ ಅಲ್ಲ, ಪಾಠ.

ಹಳೇ_ಜೆಟ್

ಸ್ಲೈಡ್ ಹಾಕುವುದಾದರೆ ಐದಕ್ಕಿಂತ ಜಾಸ್ತಿ ಬೇಡ. 2003ರಲ್ಲಿ ಟೋಕಿಯೊದಲ್ಲೇ ಶುರುವಾದ ಪೆಚಾಕುಚಾ ಗೊತ್ತಲ್ವಾ? 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, 6 ನಿಮಿಷ 40 ಸೆಕೆಂಡಿಗೆ ಮಾತು ಮುಗಿಯಬೇಕು. ಮನೆಯಲ್ಲಿ ಒಂದು ಸಲ ಆ ಲೆಕ್ಕದಲ್ಲಿ ಹೇಳಿ ನೋಡಿ. ಯಾವ ಮಾತು ಬೇಡ ಎಂದು ತಾನಾಗಿ ಗೊತ್ತಾಗುತ್ತದೆ.

ಶಿನ್ಶು_ಸುಮ

ಎಲ್ಲರಿಗೂ, ತರಬೇತಿ ನಿನ್ನೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಲೈಟ್ ಆರಿಸಲಿಲ್ಲ. ಸ್ಲೈಡ್ ಹಾಕಲಿಲ್ಲ. ಹುಡುಗಿಯ ಮಾತು ಬೋರ್ಡಿನ ಮೇಲೆ ಬರೆದಾಗ ಹಾಲ್ ಮೌನವಾಯಿತು. ಜೋಡಿಗಳು ಮಾತಾಡಲು ಹೊತ್ತು ಬೇಕಾಯಿತು, ನಾನು ಹತ್ತರ ಜಾಗದಲ್ಲಿ ಇಪ್ಪತ್ತು ಎಣಿಸಿದೆ. ಕನ್ನಡದ ಕಾರ್ಡು ಕೊಟ್ಟಾಗ ಕ್ಲಾಸ್ ಟೀಚರುಗಳು ಅರ್ಧ ನಿಮಿಷದಲ್ಲಿ ಜೋಡಿಸಿಬಿಟ್ಟರು. ಒಬ್ಬರು ‘ಅಜ್ಜಿ ಮಾಡಿದ ಒಯಾಕಿ ತಿಂದು ನೋಡಿ’ ಎಂದು ಎದ್ದು ನಿಂತು ಓದಿದರು. ನನ್ನ ಗಂಟಲು ತುಂಬಿ ಬಂತು. ಈ ಊರಿನಲ್ಲಿ ನಾಲ್ಕು ವರ್ಷದಿಂದ ನನ್ನ ಬಿಟ್ಟು ಯಾರ ಬಾಯಲ್ಲೂ ಕನ್ನಡ ಕೇಳಿರಲಿಲ್ಲ.

ಎರಡು ತುಂಡು ಮಾಡುವ ಅಭ್ಯಾಸಕ್ಕೆ ಸಮಯ ಸಾಕಾಗಲಿಲ್ಲ. ಎಂಟು ನಿಮಿಷ ಇಟ್ಟಿದ್ದೆ, ಸಿಕ್ಕಿದ್ದು ನಾಲ್ಕು. ಮುಂದಿನ ಸಲ ಕನ್ನಡ ಪಾಠ ಕಡಿಮೆ ಮಾಡಬೇಕು.

ಚೀಟಿಗಳು 27 ಬಂದವು. ಹೆಚ್ಚಿನವು ಚೆನ್ನಾಗಿತ್ತು ಎಂದು ಬರೆದವು. ಹೆಸರಿಲ್ಲದ ಒಂದು ಚೀಟಿಯಲ್ಲಿ ಹೀಗಿತ್ತು: ‘ಬೋರ್ಡಿನ ಮೇಲೆ ಇದ್ದದ್ದು ನನ್ನ ಕ್ಲಾಸು ಅನ್ನಿಸಿತು. ನಾನೂ ಅಜ್ಜಿಯನ್ನು ಅಳಿಸಿದ್ದೇನೆ. ಸೆಪ್ಟೆಂಬರಿನಲ್ಲಿ ಆ ಮಗುವನ್ನು ಮತ್ತೆ ಕೇಳುತ್ತೇನೆ.’

ನಿಶಿಕಸಾಯ್_ವೀಣಾ

ಸುಮಕ್ಕಾ, ಓದಿ ಕಣ್ಣಲ್ಲಿ ನೀರು ಬಂತು. ನಾನು ಜಾಲ್ಟ್ ಸಭೆಗೆ ಹೋಗಿದ್ದೆ. ಹತ್ತು ಜನ ಇದ್ದರು. ಮುಂದಿನ ಸಲ ನಾನೂ ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ.

ಹಾಸನದ_ಮೇಷ್ಟ್ರು

ಸುಮಾ ಅವರೇ, ನಾನು ಕಾಯಲಿಲ್ಲ. ಹೋದ ವಾರ ಎಂಟನೇ ಕ್ಲಾಸಿನಲ್ಲಿ ಮಾಡಿದೆ. ‘ಅಮ್ಮ ಮಾಡಿದ ಅಕ್ಕಿರೊಟ್ಟಿ ತಿಂದು ನೋಡಿ.’ ಮೊದಲು ಎರಡು ತುಂಡು, ಆಮೇಲೆ ಒಂದು ಮಾಡುವುದು. 31 ಮಕ್ಕಳಲ್ಲಿ ಎಲ್ಲರೂ ಎರಡು ತುಂಡಿನಲ್ಲಿ ಬರೆದರು, ಒಂಬತ್ತು ಜನ ತಾವಾಗಿಯೇ ಒಂದು ಮಾಡಿದರು. ಒಬ್ಬ ಹುಡುಗ ‘ಮೈ ಫಾದರ್ ಮೇಡ್’ ಎಂದು ಬದಲಿಸಿಕೊಂಡ, ಅವನ ಮನೆಯಲ್ಲಿ ಅಡುಗೆ ಅಪ್ಪನದಂತೆ.

ನಿಮ್ಮ ಕಾರ್ಡುಗಳ ಹಾಳೆ ಇದ್ದರೆ ಕಳಿಸುತ್ತೀರಾ? ಮುಂದಿನ ಶನಿವಾರ ನಮ್ಮ ಕ್ಲಸ್ಟರ್ ಸಭೆ ಇದೆ, ನಾನು ಮಾತಾಡುತ್ತೇನೆ ಎಂದು ಹೆಸರು ಕೊಟ್ಟಿದ್ದೇನೆ.

ಶಿನ್ಶು_ಸುಮ

ಕಳಿಸಿದ್ದೇನೆ ಮೇಷ್ಟ್ರೇ. ಒಯಾಕಿ ಇದ್ದಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ.